ಗಾರೆ ಆರುವ ಮುನ್ನ

ಮುನಿಗಂಗಮ್ಮ ಶವದ ಪಾದಗಳ ಬಳಿ ಹೂವಿಟ್ಟವಳು ಅಲ್ಲಿಂದ ಏಳಲಿಲ್ಲ. ಕೊಂಡಮ್ಮನ ಕಡೆ ತಿರುಗಿ ಕುಳಿತಳು. ಅವಳ ಮೊಣಕೈವರೆಗೂ ಗಾರೆ ಒಣಗಿತ್ತು.

“ಅಕ್ಕಾ, ನಿನ್ನೆ ಸಾಯಂಕಾಲ ಶಾಲೆ ತಾರಸಿಗೆ ಗಾರೆ ಹಾಕಿದೀವಿ. ಇವತ್ತು ಬಡೀದೆ ಬಿಟ್ರೆ ಸೀಳು ಬಿಡ್ತದೆ. ಏನ್ ಮಾಡಣ?”

ಮೇಲೂರಿನ ಆ ಅಂಗಳದಲ್ಲಿ ನೆರೆದವರೆಲ್ಲ ಅವಳತ್ತ ತಿರುಗಿದರು. ಕೊಂಡಮ್ಮನ ಮಗಳು ತನುಜ ನಸುಕಿನಲ್ಲಿ ಎದೆನೋವು ಬಂದು ತೀರಿಕೊಂಡಿದ್ದಳು. ಹಳೆಯ ಕಟ್ಟಡಗಳನ್ನು ಉಳಿಸುವುದಕ್ಕೆಂದೇ ಚಿಕ್ಕಬಳ್ಳಾಪುರದಲ್ಲಿ ಆರ್ಕಿಟೆಕ್ಟರ ಕಚೇರಿಯೊಂದನ್ನು ಕಟ್ಟಿ ಬೆಳೆಸಿದವಳು. ಶಿಡ್ಲಘಟ್ಟದ ಹೆಣ್ಣುಮಕ್ಕಳ ಹಳೇ ಶಾಲೆ ಅವಳ ಕೊನೆಯ ಕೆಲಸ. ಈ ಸಲವೂ ತಾರಸಿ ಸೋರಿದರೆ ಶಾಲೆಯನ್ನೇ ಕೆಡವುವುದೆಂದು ಸಮಿತಿಯವರು ಹೇಳಿಬಿಟ್ಟಿದ್ದರು.

ತನುಜಳ ತಮ್ಮ ಅಂಬರೀಶನಿಗೆ ಸಿಟ್ಟು ಬಂತು. ಅಕ್ಕನನ್ನು ಮಣ್ಣು ಮಾಡುವ ದಿನವೂ ಕೆಲಸವೇ ಎಂದು ಕೇಳಿದ. ಕೊಂಡಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು.

*

ತನುಜಳ ತಂದೆ ಚೆನ್ನರಾಯಪ್ಪ ಹಳೇ ಮನೆಗಳನ್ನು ಕೆಡವುವ ಮೇಸ್ತ್ರಿಯಾಗಿದ್ದ. ಕೊಂಡಮ್ಮ, ಮುನಿಗಂಗಮ್ಮ ಅದೇ ಗುಂಪಿನಲ್ಲಿ ಮಣ್ಣು ಹೊರುತ್ತಿದ್ದರು. ತನುಜ ಓದಿ ಆರ್ಕಿಟೆಕ್ಟ್ ಆಗಿ, ಬೆಂಗಳೂರಿನ ದೊಡ್ಡ ಕಚೇರಿಯೊಂದರಲ್ಲಿ ಗಾಜಿನ ಕಟ್ಟಡಗಳ ನಕ್ಷೆ ಬರೆಯುತ್ತಿದ್ದಳು. ಒಮ್ಮೆ ರಜೆಗೆ ಬಂದಾಗ ಅಪ್ಪನಿಗೆ ಊಟ ಕೊಡಲು ಚಿಂತಾಮಣಿಗೆ ಹೋದಳು. ಅಲ್ಲಿ ಕೆಡವುತ್ತಿದ್ದ ಮನೆಯ ಗೋಡೆ ಹಾರೆಗೆ ಜಗ್ಗುತ್ತಿರಲಿಲ್ಲ. ಸಂಜೆಯವರೆಗೂ ಒಳಗೆಲ್ಲ ಓಡಾಡಿ ನೋಡಿದಳು. ಆಮೇಲೆ ಆ ಮನೆಯ ಮಾಲೀಕರ ಬಳಿ ಹೋಗಿ, ಕೆಟ್ಟಿರುವುದು ಮೇಲ್ಛಾವಣಿ ಮಾತ್ರ, ರಿಪೇರಿ ಮಾಡಬಹುದು ಎಂದಳು. ಯಾರು ಮಾಡ್ತಾರೆ ಎಂದು ಅವರು ಕೇಳಿದರು.

“ಕೆಡವಕ್ಕೆ ಬಂದವ್ರೇ ಮಾಡ್ತಾರೆ.”

ಕೆಲಸ ಬಿಟ್ಟು ಬಂದು, ಗಾರೆ ಅರೆಯುವುದನ್ನು ಅಪ್ಪನ ಗುಂಪಿನ ಜೊತೆಗೇ ಕಲಿತಳು. ಮೊದಲ ತಾರಸಿ ಸೋರಿತು. ಕಿತ್ತು ಮತ್ತೆ ಹಾಕಿದಳು. ಆಮೇಲೆ ಗೌರಿಬಿದನೂರಿನ ಛತ್ರ ಸಿಕ್ಕಿತು, ನಂದಿಯ ಮನೆಗಳು ಸಿಕ್ಕವು. ಬೆಂಗಳೂರಿನ ಹುಡುಗಿಯರು ಅವಳ ಕೈಕೆಳಗೆ ಕೆಲಸ ಕಲಿಯಲು ಬಂದರು. ಚೆನ್ನರಾಯಪ್ಪ ಮೊದಮೊದಲು ಮುನಿಸಿಕೊಂಡರೂ ಸಾಯುವವರೆಗೆ ಅವಳ ಜೊತೆಗೇ ದುಡಿದ.

ಕೊಂಡಮ್ಮ ಮಾತ್ರ ಒಪ್ಪಲಿಲ್ಲ. “ಇಷ್ಟು ಓದಿ ಮತ್ತೆ ಸುಣ್ಣಕ್ಕೇ ಬಂದ್ಯಲ್ಲೇ” ಎಂದಿದ್ದಳು. ಮಗಳು ಉಳಿಸಿದ ಒಂದು ಕಟ್ಟಡದೊಳಗೂ ಕಾಲಿಟ್ಟಿರಲಿಲ್ಲ.

*

“ನೀವು ಹೋಗಿ ಬಡೀರಮ್ಮ. ಮಣ್ಣು ಮಾಡಕ್ಕೆ ನಾವಿದೀವಿ” ಎಂದಳು ಕೊಂಡಮ್ಮ.

“ಜನ ಏನಂತಾರಮ್ಮ?” ಎಂದ ಅಂಬರೀಶ.

“ಅವ್ಳು ನಿಲ್ಸಿದ್ದು ಬೀಳಬಾರದು ಕಣೋ.”

ಗಾರೆ ಕೆಲಸದ ಹೆಂಗಸರು ಒಬ್ಬೊಬ್ಬರಾಗಿ ತನುಜಳ ಪಾದ ಮುಟ್ಟಿ ಟೆಂಪೋ ಹತ್ತಿದರು. ಮಧ್ಯಾಹ್ನ ತೋಟದ ಅಂಚಿನಲ್ಲಿ ಬುದ್ಧವಂದನೆ ಹೇಳಿ ತನುಜಳನ್ನು ಮಣ್ಣು ಮಾಡಿದರು. ಎಲ್ಲರೂ ಮನೆಯತ್ತ ಹೊರಟಾಗ ಕೊಂಡಮ್ಮ ಮಗನಿಗೆ ಬೈಕು ತರಲು ಹೇಳಿದಳು.

ಶಾಲೆಯ ಏಣಿಯನ್ನು ಅವಳು ಮಗನ ಕೈ ಹಿಡಿಯದೆ ಹತ್ತಿದಳು. ಮೇಲೆ ಬಿಸಿಲಿಗೆ ತಲೆಗೆ ಸೆರಗು ಕಟ್ಟಿಕೊಂಡು ಹೆಂಗಸರು ಸಾಲಾಗಿ ಕುಳಿತು ಬಡಿಯುತ್ತಿದ್ದರು. ಮುನಿಗಂಗಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿ, ಮರದ ಕೊಡತಿಯೊಂದನ್ನು ಕೊಟ್ಟಳು. ಕೊಂಡಮ್ಮನ ಏಟು ಮೊದಲು ತಪ್ಪಿತು. ಮುದುಕಿಗೆ ಜೊತೆಗೂಡಲು ಆಗಲೆಂದು ಇಡೀ ಸಾಲು ನಿಧಾನವಾಯಿತು. ಸ್ವಲ್ಪ ಹೊತ್ತಿನಲ್ಲಿ ಅವಳ ಕೈಯೇ ಜೋರಾಯಿತು. ಉಳಿದವರು ಆ ಲಯಕ್ಕೆ ಸೇರಿಕೊಂಡರು.