ಕಾವಲುಗಾರ್ತಿಗೆಂದು ಮಾಡಿದ ಹಲ್ಲು

ಭಾನುವಾರ ಸಂಜೆ ಏಳು ಗಂಟೆ ಹನ್ನೊಂದು ನಿಮಿಷಕ್ಕೆ ಅಚ್ಚಮ್ಮ ಫೋನಿನಲ್ಲಿ, ಒಂದು ಕಾದಂಬರಿ ಮಾಲೆಯ ಅಭಿಮಾನಿಗಳ ಗುಂಪಿನಲ್ಲಿ ಒಂದು ಸಾಲು ಬರೆದಳು: 'ಥೂ, ಆ ಹಲ್ಲು ನೋಡಿ. ಬಾಯಿ ಬಿಟ್ಟರೇ ಗೊತ್ತಾಗುತ್ತೆ ಎಂಥವಳು ಅಂತ.' ಏಳು ಗಂಟೆ ಹದಿಮೂರು ನಿಮಿಷಕ್ಕೆ, ಅದೇ ಸೋಫಾದ ಇನ್ನೊಂದು ತುದಿಯಲ್ಲಿದ್ದ ಅಕ್ಕನ ಮಗಳು ಟಿವಿಯಿಂದ ಕಣ್ಣು ತೆಗೆಯದೆ, "ಚಿಕ್ಕಮ್ಮ, ಅದು ನನ್ನ ಹಲ್ಲು" ಎಂದಳು.

ಅಚ್ಚಮ್ಮ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಹಲ್ಲಿನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಯಿಯ ಅಚ್ಚು ಹೊಯ್ದು ಹಲ್ಲಿನ ಸೆಟ್ ಮಾಡುತ್ತಿದ್ದವಳಿಗೆ ಅಲ್ಲಿಯವರು ಇಟ್ಟದ್ದು. ಅಕ್ಕನ ಮಗಳಿಗೆ ಹದಿನೇಳು. ಮೇಲಿನ ಎರಡು ಹಲ್ಲು ಮುಂದಕ್ಕೆ, ಬಲಗಡೆಯ ಕೋರೆಹಲ್ಲು ಪಕ್ಕದ್ದರ ಹೆಗಲೇರಿ ಕೂತಿದೆ. ಮನೆಯಲ್ಲಿ ಅವಳನ್ನು ಕರೆಯುವುದು ಅಳಿಲು ಎಂದು. ಮನೆಯವರು ಕರೆದರೆ ಓಗೊಡುತ್ತಿದ್ದಳು. ಹೊರಗೆ ಮಾತ್ರ ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು.

ಅವಳಿಗೆ ಹನ್ನೊಂದಾದಾಗ ಅಚ್ಚಮ್ಮನೇ ಆ ಪುಸ್ತಕಗಳನ್ನು ಕೈಗಿತ್ತಿದ್ದಳು. ಒಟ್ಟು ಏಳು. ನಾಯಕಿ ಒಂದು ಹಳೆಯ ಸೇತುವೆಯ ಕಾವಲುಗಾರ್ತಿ. ಮೊದಲ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ಅವಳು ಮೊದಲ ಸಲ ನಗುತ್ತಾಳೆ, ಹಲ್ಲಿನ ಮೇಲೆ ಹಲ್ಲು ಕಾಣುತ್ತದೆ, ಸೇತುವೆ ದಾಟುತ್ತಿದ್ದ ಸೈನಿಕನೊಬ್ಬ ಕಾಲೆತ್ತುವುದನ್ನೇ ಮರೆಯುತ್ತಾನೆ. ಆ ಪುಟ ಅಳಿಲಿಗೆ ಬಾಯಿಪಾಠ.

ಗುಂಪಿನಲ್ಲಿ ಮುನ್ನೂರ ಹನ್ನೆರಡು ಜನ. ಪುಸ್ತಕಗಳು ಟಿವಿಗೆ ಬರುತ್ತವೆ ಎಂದು ಗೊತ್ತಾದ ದಿನದಿಂದ ಅವರಿಗೆ ಅದೇ ಧ್ಯಾನ. ಅಲ್ಲಿ ಒಂದು ಕಟ್ಟಳೆಯಿತ್ತು: ಪುಟಸಂಖ್ಯೆ ಹೇಳದ ಆಕ್ಷೇಪಣೆಗೆ ಬೆಲೆಯಿಲ್ಲ. ಅದನ್ನು ತಂದವರು ನಿವೃತ್ತ ಅಂಚೆ ಗುಮಾಸ್ತರೊಬ್ಬರು. ಎಲ್ಲರೂ ಅವರನ್ನು ಪುಟದಯ್ಯ ಎಂದೇ ಕರೆಯುತ್ತಿದ್ದರು. ಕೋಟಿನ ಗುಂಡಿ ಐದೋ ಆರೋ ಎಂಬ ಜಗಳ ಎಂಟು ತಿಂಗಳು ನಡೆದಿತ್ತು.

ಆ ಗುಂಪಿನ ಮೂಲಕವೇ ಧಾರಾವಾಹಿಯ ಮೇಕಪ್ ಮುಖ್ಯಸ್ಥ ಅಚ್ಚಮ್ಮನನ್ನು ಹುಡುಕಿಕೊಂಡು ಲ್ಯಾಬಿಗೆ ಬಂದದ್ದು. ಕಾವಲುಗಾರ್ತಿಯ ಪಾತ್ರ ಮಾಡುವ ನಟಿಯ ಹಲ್ಲಿನ ಮೇಲೆ ಕೂರುವಂಥ ತೆಳು ಸೆಟ್ ಬೇಕಿತ್ತು. ಅಚ್ಚಮ್ಮ ಮಾದರಿಗೆ ಬೇರೆಲ್ಲೂ ಹೋಗಲಿಲ್ಲ. ಅಳಿಲು ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟು ತುಂಬಿದ ತಟ್ಟೆ ಕಚ್ಚಿಕೊಂಡು, ಗಲ್ಲದವರೆಗೆ ಜೊಲ್ಲು ಸುರಿಸುತ್ತ, ಮೂಗಿನಲ್ಲೇ ನಗುತ್ತ ಕೂತಿದ್ದಳು. ಅಂದಿನಿಂದ ಅವಳ ಕೈ ಬಾಯಿಗೆ ಹೋಗಿರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮನೆಯವರೆಲ್ಲ ಗಮನಿಸಿದ್ದರು.

ಮೂರು ವಾರದ ಮೇಲೆ ಮುಖ್ಯಸ್ಥ ಮತ್ತೊಬ್ಬರ ಬಾಯಿಯ ಅಚ್ಚು ಕಳಿಸಿದ. ಹೊಡೆದಾಟದ ದೃಶ್ಯಗಳ ಬದಲಿ ನಟಿಗೆ ಅದೇ ಹಲ್ಲಿನ ಇನ್ನೊಂದು ಸೆಟ್ ಬೇಕು ಎಂದ. ಅಚ್ಚು ಕೈಗೆ ಬಂದಾಗಲೇ ಅಚ್ಚಮ್ಮನಿಗೆ ಕಂಡಿತ್ತು. ವಸಡು ಸರಿದಿದೆ, ದವಡೆಯ ಹಲ್ಲಿಗೆ ಕ್ಯಾಪ್ ಇದೆ, ಐವತ್ತು ದಾಟಿದ ಬಾಯಿ. ಬಾಯಿ ನೋಡಿ ವಯಸ್ಸು ಹೇಳುವುದರಲ್ಲಿ ಅವಳು ಐದು ವರ್ಷಕ್ಕಿಂತ ಹೆಚ್ಚು ತಪ್ಪಿದ್ದಿಲ್ಲ. ಆದರೂ ಬಿದ್ದು ಏಳುವವರ ಬಾಯಿ ಬೇಗ ಮುಪ್ಪಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕೆಲಸ ಮುಗಿಸಿ ಕಳಿಸಿದ್ದಳು.

ಈಗ ಟಿವಿಯಲ್ಲಿ ಕಾವಲುಗಾರ್ತಿಯ ಹಲ್ಲು ಸ್ಕೇಲಿಟ್ಟು ಗೆರೆ ಎಳೆದಂತಿತ್ತು. ಅಳಿಲಿನ ಹಲ್ಲು ಇದ್ದದ್ದು ಮಕ್ಕಳಿಗೆ ವಿಷ ಮಾರುವ ಹೆಂಗಸಿನ ಬಾಯಲ್ಲಿ. ಸಂದುಗಳಿಗೆ ಕಂದು ಬಣ್ಣ ಬಳಿದಿದ್ದರು. ಕ್ಯಾಮೆರಾ ಬೇಕೆಂದೇ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಬಣ್ಣದ ಕೆಳಗೆ ತನ್ನ ಕೈಕೆಲಸ ಅಚ್ಚಮ್ಮನಿಗೆ ಕಾಣಲಿಲ್ಲ. ಹಲ್ಲಿನ ಒಡತಿಗೆ ಕಂಡಿತು.

ಅಚ್ಚಮ್ಮ ಬರೆದದ್ದನ್ನು ಅಳಿಸಿದಳು. ಅಷ್ಟರಲ್ಲಿ ಹದಿನೆಂಟು ಜನ ಉತ್ತರ ಕೊಟ್ಟಾಗಿತ್ತು. 'ಹೆಗ್ಗಣದ ಬಾಯಿ.' 'ಊಟದ ಹೊತ್ತಲ್ಲಿ ತೋರಿಸಬಾರದಿತ್ತು.' 'ಇಡೀ ಧಾರಾವಾಹಿಯಲ್ಲಿ ಸರಿಯಾಗಿ ಮಾಡಿದ್ದು ಈ ಹಲ್ಲೊಂದೇ.' ಅಳಿಲೂ ಆ ಗುಂಪಿನಲ್ಲಿದ್ದಳು. ಅವಳ ತೊಡೆಯ ಮೇಲಿದ್ದ ಫೋನ್ ಪ್ರತಿ ಮಾತಿಗೂ ನಡುಗುತ್ತಿತ್ತು.

ಅಚ್ಚಮ್ಮ ಎದ್ದು ಬಾಲ್ಕನಿಗೆ ಹೋಗಿ ಮುಖ್ಯಸ್ಥನಿಗೆ ಫೋನ್ ಹಚ್ಚಿದಳು.

"ಮೇಡಂ, ನಾನೇ ಮಾಡೋಣ ಅಂತಿದ್ದೆ. ನಿಮ್ಮ ಹಲ್ಲಿನದೇ ಮಾತು ಎಲ್ಲಾ ಕಡೆ."

"ಅದು ಕಾವಲುಗಾರ್ತಿಗೆ ಮಾಡಿದ್ದು."

"ಹೀರೋಯಿನ್ ಒಂದು ದಿನ ಹಾಕ್ಕೊಂಡ್ರು. ಕನ್ನಡಿ ನೋಡಿ ತೆಗೆದಿಟ್ರು. ಪೋಸ್ಟರಿನವರೂ ಬೇಡ ಅಂದ್ರು. ಜನ ಅವಳನ್ನ ಇಷ್ಟಪಡಬೇಕಲ್ವಾ?"

"ಏಳು ಪುಸ್ತಕ ಇಷ್ಟಪಟ್ಟಿದ್ದಾರಲ್ಲ."

"ಪುಸ್ತಕದಲ್ಲಿ ಹಲ್ಲು ಕಾಣಲ್ವಲ್ಲ ಮೇಡಂ."

"ಎರಡನೇದು ಬದಲಿ ನಟಿಗೆ ಅಂದ್ರಿ."

"ನಿಜ ಹೇಳಿದ್ರೆ ನೀವು ಮಾಡಿಕೊಡ್ತಿದ್ರಾ?" ಅವನು ನಕ್ಕ. "ಇನ್ನೊಂದು ವಿಷಯ. ಮುಂದಿನ ಭಾಗಕ್ಕೆ ಆ ಕೋರೆಹಲ್ಲು ಇನ್ನೂ ಸ್ವಲ್ಪ ಹೊರಗೆ ಬರ್ಬೇಕಂತೆ. ನೋಡಿದ ಕೂಡಲೇ ಹೇಸಿಗೆ ಆಗ್ಬೇಕು."

"ಅದು ಹದಿನೇಳು ವರ್ಷದ ಹುಡುಗಿ ಬಾಯಿ."

"ಯಾರಿಗೆ ಗೊತ್ತಾಗುತ್ತೆ, ಬಿಡಿ."

ಬೇರೆ ಲ್ಯಾಬ್ ನೋಡಿಕೊಳ್ಳಿ ಎಂದು ಹೇಳಿ ಅವಳು ಫೋನ್ ಇಟ್ಟಳು. ಅವನ ಮೇಲಿನ ಅಸಹ್ಯ ಬಾಲ್ಕನಿಯ ಬಾಗಿಲು ದಾಟುವವರೆಗೂ ಬಾಳಲಿಲ್ಲ. ಥೂ ಎಂದು ಬರೆದ ಬೆರಳು ಅವನದಾಗಿರಲಿಲ್ಲ. ಪುಟದ ಲೆಕ್ಕ ಹಿಡಿದು ಎರಡು ವರ್ಷ ವಾದಿಸಿದವಳು, ಬಾಯಿಗಳ ನಡುವೆಯೇ ಬದುಕಿದವಳು, ಒಂದು ಹಲ್ಲು ನೋಡಿ ಒಬ್ಬಳ ಗುಣ ಹೇಳಿದ್ದಳು.

ಅಳಿಲು ತನ್ನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು.

"ಗುಂಪಲ್ಲಿ ನಿಜ ಬರೀತೀನಿ," ಎಂದಳು ಅಚ್ಚಮ್ಮ. "ಯಾರ ಹಲ್ಲು ಅಂತ ಬೇಡ. ಯಾರಿಗೆ ಮಾಡಿದ್ದು ಅಂತ."

"ಬರಿ."

"ನಿಂಗೆ ಬೇಜಾರಾಗಿದೆ."

"ಅವರು ಅಂದಿದ್ದಕ್ಕೆ ಇಲ್ಲ. ಶಾಲೆಯಲ್ಲಿ ಇದಕ್ಕಿಂತ ಚೆನ್ನಾಗಿ ಬೈತಿದ್ರು." ಅವಳು ಅಂಗಿಯ ತೋಳು ಒಳಗೆ ಮಡಿಸಿದಳು. "ಆಗ ನಾನು ಮನಸ್ಸಲ್ಲೇ ಅಂದ್ಕೊಳ್ತಿದ್ದೆ, ನಮ್ಮ ಚಿಕ್ಕಮ್ಮ ದಿನಾ ನೂರು ಬಾಯಿ ನೋಡ್ತಾಳೆ, ಅವಳಿಗೆ ನಂದು ಚೆನ್ನಾಗಿದೆ, ಇವರಿಗೇನು ಗೊತ್ತು ಅಂತ. ಯಾರ ಬಾಯಿ ಅಂತ ಗೊತ್ತಿಲ್ದೆ ನೋಡಿದಾಗ ನಿಂಗೂ ಹಾಗೇ ಅನ್ನಿಸ್ತಲ್ಲ. ಇನ್ನು ಯಾರ ಹತ್ರ ವಾದ ಮಾಡ್ಲಿ ಹೇಳು."

"ಅದಕ್ಕೆ ಬಣ್ಣ ಬಳಿದಿದ್ರು ಕಣೇ."

"ನೀನು ಬರೆದದ್ದು ಬಣ್ಣದ ಬಗ್ಗೆ ಅಲ್ಲ, ಚಿಕ್ಕಮ್ಮ."

ಏಳು ಐವತ್ತಕ್ಕೆ ಅಚ್ಚಮ್ಮ ಗುಂಪಿನಲ್ಲಿ ಬರೆದಳು: 'ಆ ಹಲ್ಲು ಮಾಡಿದ್ದು ನಾನು. ಕಾವಲುಗಾರ್ತಿಗೆಂದು ಮಾಡಿದ್ದು. ಮೊದಲ ಪುಸ್ತಕ, ಪುಟ ನಲವತ್ತೊಂದು. ನನಗೆ ಸುಳ್ಳು ಹೇಳಿ ಬೇರೆಯವರ ಬಾಯಿಗೆ ಹಾಕಿದ್ದಾರೆ. ಅಚ್ಚು ಒಬ್ಬಳು ಹುಡುಗಿಯದು, ನಾನು ಕಂಡ ಒಳ್ಳೆಯ ನಗುಗಳಲ್ಲಿ ಒಂದು. ಅದನ್ನು ನೋಡಿ ಮೊದಲು ಥೂ ಅಂದವಳೂ ನಾನೇ.'

ಮೊದಲು ಉತ್ತರ ಬರೆದವರು ಪುಟದಯ್ಯ: 'ಪುಟ ನಲವತ್ತೊಂದು ಸರಿಯಿದೆ. ನಾನು ಗಮನಿಸಬೇಕಿತ್ತು.' ಅವರ ಹಿಂದೆಯೇ ಇನ್ನೊಬ್ಬ ಬಂದ: 'ಏನೇ ಹೇಳಿ, ವಿಷದವಳಿಗೇ ಅದು ಚೆನ್ನಾಗಿ ಹೊಂದುತ್ತೆ. ಕಾವಲುಗಾರ್ತಿ ಬಾಯಲ್ಲಿ ಊಹಿಸಿಕೊಳ್ಳೋಕೂ ಆಗಲ್ಲ.' ಅದನ್ನು ಇಪ್ಪತ್ತಾರು ಜನ ಮೆಚ್ಚಿದರು. ಎಂಟೂಕಾಲರ ಹೊತ್ತಿಗೆ ಮಾತು ಮತ್ತೆ ಕೋಟಿನ ಗುಂಡಿಗೆ ಹೋಗಿತ್ತು.

ಸೋಮವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕ ದನಿ ತಗ್ಗಿಸಿ, "ಅಂತೂ ಅಳಿಲು ಹಲ್ಲಿಗೆ ತಂತಿ ಹಾಕಿಸ್ಕೊಳ್ತೀನಿ ಅಂದ್ಳು ನೋಡು," ಎಂದಳು. "ನಾಲ್ಕು ವರ್ಷದಿಂದ ಹೇಳ್ತಿದ್ದೆ, ಕೇಳಿರಲಿಲ್ಲ. ನೀನೇನಾದ್ರೂ ಬುದ್ಧಿ ಹೇಳಿದ್ಯಾ?"

"ನಾನೇ ಹೇಳಿದ ಹಾಗಾಯ್ತು," ಎಂದಳು ಅಚ್ಚಮ್ಮ.

"ಒಳ್ಳೇದೇ ಆಯ್ತಲ್ಲ, ಅದಕ್ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀಯ?"

ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಕೋರೆಹಲ್ಲನ್ನು ಸಾಲಿಗೆ ಎಳೆಯಲು ಜಾಗ ಮಾಡುವುದಕ್ಕಾಗಿ, ವೈದ್ಯರು ಅಳಿಲಿನ ಮೇಲ್ದವಡೆಯ ಎರಡು ಹಲ್ಲು ಕಿತ್ತರು. ಇಪ್ಪತ್ತು ನಿಮಿಷ ಹಿಡಿಯಿತು.