ಬೋರ್ಡಿನಲ್ಲಿ ಬರೆದ ಹಾಗೆ

ಬೆಳಗಿನ ಗಂಟೆ ಹೊಡೆಯುವ ಮುಂಚೆಯೇ ಡಬ್ಬಿ ಕಾರ್ಖಾನೆಯ ಹೆಂಗಸರು ನಲ್ಲಿಯಲ್ಲಿ ಕೈ ತೊಳೆದು, ತಲೆಗೆ ಬಟ್ಟೆ ಬಿಗಿದು, ತಮ್ಮ ತಮ್ಮ ಪ್ರೆಸ್ಸಿನ ಮುಂದೆ ಕೂತುಬಿಡುತ್ತಿದ್ದರು. ತಗಡಿನ ಹಾಳೆಯಿಂದ ದುಂಡು ಮುಚ್ಚಳ ಕತ್ತರಿಸುವ ಕೆಲಸ. ಎಡಗೈಯಿಂದ ತಗಡನ್ನು ಒಳಗೆ ತಳ್ಳಬೇಕು, ಬಲಗೈಯಿಂದ ಗುಂಡಿ ಒತ್ತಬೇಕು. ಮೇಲಿನಿಂದ ಅಚ್ಚು ಧಡ್ಡೆಂದು ಇಳಿಯುತ್ತದೆ. ಅಷ್ಟರಲ್ಲಿ ಎಡಗೈ ಆಚೆ ಬಂದಿರಬೇಕು. ಬಂದಿರದಿದ್ದರೆ ಆಮೇಲೆ ಆ ಕೈಯ ಕತೆ ಬೇರೆ.

ಹೊಸದಾಗಿ ಸೇರಿದ ಹುಡುಗಿಗೆ ಸೂಪರ್‌ವೈಸರ್ ಇದನ್ನೆಲ್ಲ ಅವಸರದಲ್ಲಿ ತೋರಿಸಿದರು. ಅವಳ ಕಣ್ಣು ಮಾತ್ರ ಪ್ರೆಸ್ಸಿನ ಎಡಗಡೆ ನೆಟ್ಟಿತ್ತು. ಅಲ್ಲೂ ಒಂದು ಗುಂಡಿ ಇತ್ತು. ಅದು ಒತ್ತಿದಂತೆಯೇ ನಿಲ್ಲಲೆಂದು ಪಕ್ಕದಲ್ಲಿ ಮರದ ಬೆಣೆ ಹೊಡೆದಿದ್ದರು.

"ಎರಡು ಗುಂಡಿ ಇದೆಯಲ್ಲ ಸಾರ್, ಇದಕ್ಕೆ ಯಾಕೆ ಬೆಣೆ?"

"ಅದು ಬೇಕಾಗಲ್ಲ."

"ಬೇಡದ್ದನ್ನ ಮಿಷನ್ ಮಾಡಿದವರು ಯಾಕೆ ಇಟ್ಟರು?"

"ಬಂದ ದಿನವೇ ತಲೆ ತಿನ್ನಬೇಡಮ್ಮ. ಕೋಣೆ ಕೊಟ್ಟಿದೀನಿ, ಕೆಲಸ ಕೊಟ್ಟಿದೀನಿ. ಕೂತ್ಕೋ."

ಅವಳು ಕೂತಳು. ಕೋಣೆಯ ಹೆಸರು ಎತ್ತಿದರೆ ಅವಳ ಬಾಯಿ ಕಟ್ಟುತ್ತಿತ್ತು. ಹದಿನೆಂಟು ತುಂಬಿದ ಮೇಲೆ ಅನಾಥಾಲಯದಲ್ಲಿ ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ಅವಳನ್ನೂ ಕೈಗೊಂದು ಟ್ರಂಕು ಕೊಟ್ಟು, ಒಳ್ಳೆಯದಾಗಲಿ ಎಂದು ಹೇಳಿ ಕಳಿಸಿದ್ದರು. ಒಳ್ಳೆಯದೇನೂ ಆಗಿರಲಿಲ್ಲ. ಹೋಟೆಲಿನಲ್ಲಿ ಒಬ್ಬ ಗಿರಾಕಿ ಏನೋ ಅಂದನೆಂದು ಕೈಯಲ್ಲಿದ್ದ ತಟ್ಟೆಗಳನ್ನೆಲ್ಲ ನೆಲಕ್ಕೆ ಕುಕ್ಕಿ ಬಂದಿದ್ದಳು. ಹೊಲಿಗೆ ಅಂಗಡಿಯಲ್ಲಿ ಯಜಮಾನಿಯ ಕನ್ನಡಿಗೆ ಇಸ್ತ್ರಿಪೆಟ್ಟಿಗೆ ಎಸೆದಿದ್ದಳು. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಒಡೆಯಬೇಕು. ಅದರಾಚೆಗೆ ಅವಳಿಗೆ ಯಾರೂ ಏನೂ ಕಲಿಸಿರಲಿಲ್ಲ. ಈ ಕಾರ್ಖಾನೆಯ ಗೋದಾಮಿನ ಮೇಲಿನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ತಾನೇ ಹಾಕಿ ತಾನೇ ತೆಗೆಯುವ ಚಿಲಕ ಅವಳ ಬದುಕಿನಲ್ಲಿ ಅದೇ ಮೊದಲು. ಕೆಲಸ ಹೋದರೆ ಅದೂ ಹೋಗುತ್ತದೆ, ಮತ್ತೆ ಬೀದಿಯೇ ಗತಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಊಟದ ಹೊತ್ತಿಗೆ ಹೆಂಗಸರು ಹಿಂದಿನ ಅಂಗಳದಲ್ಲಿ ಗುಂಪಾಗಿ ಕೂತರು. ಇವಳು ಹತ್ತಿರ ಹೋದರೆ ಯಾರೂ ಸರಿದು ಜಾಗ ಕೊಡಲಿಲ್ಲ.

"ನನಗೇನು ಕಜ್ಜಿ ಆಗಿದೆಯಾ?" ಎಂದು ಅವಳು ಸಿಡುಕಿದಳು.

ಮಿಷನ್ನುಗಳಿಗೆ ಎಣ್ಣೆ ಬಿಡುವ ಮುದುಕ ಪಕ್ಕದ ಕಟ್ಟೆಯ ಮೇಲಿದ್ದ. ಎಲ್ಲರ ಪಾಲಿಗೂ ಅವನು ಎಣ್ಣೆ ಮಾವ. "ಅಬ್ಬ, ಎಣ್ಣೆಗೆ ನೀರು ಬಿದ್ದ ಹಾಗೆ ಸಿಡೀತಾಳೆ. ಇನ್ಮೇಲೆ ಇವಳು ಸಿಡುಕಿ," ಎಂದ. ಎರಡು ಮೂರು ಜನ ನಕ್ಕರು. ಹೆಸರು ಅಂಟಿಕೊಂಡಿತು.

ಗುಂಪಿನಲ್ಲಿ ಹಿರಿಯಳಾದ ದೊಡ್ಡಕ್ಕ ನಗಲಿಲ್ಲ. "ನೀನು ಕೂತಿರೋ ಸ್ಟೂಲು ಯಾರದು ಗೊತ್ತಾ?" ಎಂದು ಕೇಳಿದಳು.

"ನನಗೇನು ಗೊತ್ತು?"

"ಗುಬ್ಬಿ ಅಂತ ಒಬ್ಬಳದು. ಹೋದ ವಾರ ಅಚ್ಚು ಅವಳ ಎರಡು ಬೆರಳು ತೆಗೀತು. ಅಜಾಗರೂಕತೆ ಅಂತ ಹೇಳಿ ಮನೆಗೆ ಕಳಿಸಿದರು. ಆ ಜಾಗಕ್ಕೇ ನೀನು ಬಂದಿರೋದು. ನಿನ್ನ ಮೇಲೆ ನಮಗೆ ಕೋಪ ಇಲ್ಲ. ನಿನ್ನ ನೋಡಿದರೆ ಅವಳು ಕಣ್ಮುಂದೆ ಬರ್ತಾಳೆ, ಅಷ್ಟೆ."

ಸಿಡುಕಿ ಕೈಯಲ್ಲಿದ್ದ ಬ್ರೆಡ್ಡನ್ನು ಡಬ್ಬಿಗೆ ಹಾಕಿಬಿಟ್ಟಳು. "ಮಿಷನ್ ಒಡೆದು ಹಾಕೋದಲ್ವಾ ನೀವು? ಇಷ್ಟು ಜನ ಇದೀರಿ."

"ಒಡೆದರೆ ಪೋಲೀಸರು ಬರ್ತಾರೆ. ಕೆಲಸ ಬಿಟ್ಟರೆ ಬೇರೆಯವರು ಬರ್ತಾರೆ, ನಿನ್ನ ಹಾಗೆ. ಅವರು ಬರೆದಿದ್ದನ್ನೇ ನಾವು ಮಾಡಿದರೆ ಯಾರು ಬರ್ತಾರೆ ಹೇಳು?"

ಸಿಡುಕಿಗೆ ಅರ್ಥವಾಗಲಿಲ್ಲ. ದೊಡ್ಡಕ್ಕ ಅವಳನ್ನು ಒಳಗೆ ಕರೆದೊಯ್ದು, ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿಯ ಹಿಂದಿನ ಗೋಡೆ ತೋರಿಸಿದಳು. ಧೂಳು ಹಿಡಿದ ಬೋರ್ಡೊಂದು ಅಲ್ಲಿ ನೇತಾಡುತ್ತಿತ್ತು. ತಪಾಸಣೆಗೆ ಬರುವವರ ಕಣ್ಣಿಗೆ ಬೀಳಲೆಂದು ಯಾವತ್ತೋ ಹಾಕಿಸಿದ ಸುರಕ್ಷಾ ನಿಯಮಗಳು. ಎರಡೂ ಗುಂಡಿಗಳನ್ನು ಎರಡೂ ಕೈಗಳಿಂದ ಒತ್ತಬೇಕು. ಕಾವಲು ಜಾಲರಿ ಇಲ್ಲದ ಯಂತ್ರದ ಅಚ್ಚು ಪೂರ್ತಿ ನಿಲ್ಲುವವರೆಗೆ ಕೈ ಹಾಕಬಾರದು. ನೆಲದ ಮೇಲೆ ಎಣ್ಣೆ ಇದ್ದರೆ ಒರೆಸಿದ ನಂತರವೇ ಕೆಲಸ ಶುರುಮಾಡಬೇಕು. ಹೀಗೆ ಉದ್ದಕ್ಕೆ.

"ನಾಳೆಯಿಂದ ಇದರಲ್ಲಿ ಬರೆದ ಹಾಗೆ ಕೆಲಸ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ನಮ್ಮಲ್ಲಿ ಕೆಲವರಿಗೆ ತಡವರಿಸಿಕೊಂಡು ಓದೋಕೆ ಬರುತ್ತೆ. ನಿನಗೆ?"

"ಚೆನ್ನಾಗಿ ಬರುತ್ತೆ. ಅನಾಥಾಲಯದಲ್ಲಿ ತಪ್ಪು ಮಾಡಿದವರು ಎಲ್ಲರ ಮುಂದೆ ನಿಂತು ನಿಯಮಗಳನ್ನ ಜೋರಾಗಿ ಓದಬೇಕಿತ್ತು," ಎಂದಳು ಸಿಡುಕಿ. "ನಾನು ದಿನಾ ಓದ್ತಿದ್ದೆ."

ಈ ಸಲ ದೊಡ್ಡಕ್ಕ ನಕ್ಕಳು.

ಮಾರನೆಯ ಬೆಳಿಗ್ಗೆ ಗಂಟೆ ಹೊಡೆದಾಗ ರಟ್ಟಿನ ಪೆಟ್ಟಿಗೆಗಳು ಪಕ್ಕಕ್ಕೆ ಸರಿದಿದ್ದವು. ಸಿಡುಕಿ ಬೋರ್ಡಿನ ಕೆಳಗೆ ನಿಂತು, ಬೆನ್ನು ನೆಟ್ಟಗೆ ಮಾಡಿ, ಹಳೆಯ ಅಭ್ಯಾಸದ ಗಂಟಲಿನಲ್ಲಿ ಓದಿದಳು. ಓದು ಮುಗಿದ ಕೂಡಲೆ ಎಲ್ಲರೂ ಬೆಣೆ ಕಿತ್ತು ಪಕ್ಕಕ್ಕಿಟ್ಟರು. ತಗಡು ಇಡು, ಕೈ ಹೊರಗೆ ತೆಗೆ, ಎರಡೂ ಗುಂಡಿ ಒತ್ತು, ಅಚ್ಚು ಇಳಿದು ಏರಿ ನಿಲ್ಲುವವರೆಗೆ ಕಾಯಿ, ಮುಚ್ಚಳ ತೆಗೆ. ಸದಾ ಕಿವಿಗಡಚಿಕ್ಕುತ್ತಿದ್ದ ಕಾರ್ಖಾನೆಯಲ್ಲಿ ಸದ್ದಿನ ನಡುವೆ ಸಂದು ಬಿಟ್ಟಿತು. ಎಣ್ಣೆ ಮಾವ ಪ್ರತಿ ಮಿಷನ್ನಿಗೂ ಕಿವಿಗೊಟ್ಟು ನಿಂತ. "ಅಸಹಜ ಶಬ್ದ ಬಂದರೆ ಪರೀಕ್ಷಿಸಬೇಕು ಅಂತ ಬರೆದಿದೆ ಸಾರ್. ಇದು ನೆಗಡಿ ಬಂದವರ ಹಾಗೆ ಸೀನ್ತಾ ಇದೆ," ಎಂದು ಸೂಪರ್‌ವೈಸರ್‌ಗೆ ವಿನಯದಿಂದಲೇ ಹೇಳಿದ. ಮಿಷನ್ ನಿಜಕ್ಕೂ ಸೀನುತ್ತಿತ್ತು. ವರ್ಷದಿಂದ ಅದನ್ನು ಯಾರೂ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಸೂಪರ್‌ವೈಸರ್ ಕೆಂಡವಾದರು. ಆದರೆ ನಿಯಮ ಯಾಕೆ ಪಾಲಿಸುತ್ತೀರಿ ಎಂದು ಯಾರನ್ನಾದರೂ ಬೈಯುವುದು ಹೇಗೆ? ದಡದಡನೆ ಹೊರಗೆ ಹೋದರು.

ಸಿಡುಕಿಗೆ ಇದು ಬಲು ಮಜವೆನಿಸಿತು. ಇನ್ನಷ್ಟು ಮಜ ಬರಲೆಂದು ಎರಡನೆಯ ದಿನ ಯಾರೂ ನೋಡದಾಗ ಡಬ್ಬಿಯಿಂದ ಒಂದಿಷ್ಟು ಎಣ್ಣೆಯನ್ನು ನೆಲಕ್ಕೆ ಸುರಿದು, "ಎಣ್ಣೆ ಚೆಲ್ಲಿದೆ, ಎಲ್ಲಾ ನಿಲ್ಲಿಸಿ," ಎಂದು ಕೂಗಿದಳು. ಮಿಷನ್ನುಗಳು ನಿಂತವು. ಒರೆಸಲು ಬಗ್ಗಿದ ದೊಡ್ಡಕ್ಕ ನೆಲ ನೋಡಿದಳು, ಸಿಡುಕಿಯ ಕೈ ನೋಡಿದಳು. ಎದ್ದು ನೇರ ಸೂಪರ್‌ವೈಸರ್ ಬಳಿ ಹೋದಳು.

"ಈ ಎಣ್ಣೆ ತಾನಾಗಿ ಚೆಲ್ಲಿದ್ದಲ್ಲ ಸಾರ್, ನಾವೇ ಚೆಲ್ಲಿದ್ದು. ಇದರಿಂದ ಹಾಳಾದ ಹೊತ್ತನ್ನ ಸಂಜೆ ಗಂಟೆ ಹೊಡೆದ ಮೇಲೆ ತುಂಬಿಸ್ತೀವಿ."

ಈಗ ತನ್ನ ಹೆಸರು ಹೇಳುತ್ತಾಳೆ, ಎಲ್ಲರ ಮುಂದೆ ನಿಲ್ಲಿಸುತ್ತಾಳೆ ಎಂದು ಸಿಡುಕಿ ಕಾದಳು. ದೊಡ್ಡಕ್ಕ ಹೇಳಲಿಲ್ಲ. ಸಂಜೆ ಒಬ್ಬರೂ ಎದ್ದು ಹೋಗಲಿಲ್ಲ. ಮನೆಯಲ್ಲಿ ಕೈಗೂಸು ಇದ್ದವರೂ ಕೂತು ಕೆಲಸ ಮಾಡಿದರು.

"ಚೆಲ್ಲಿದ್ದು ನಾನು. ಇವರೆಲ್ಲ ಯಾಕೆ ಕೂತಿದಾರೆ?" ಎಂದು ಸಿಡುಕಿ ದೊಡ್ಡಕ್ಕನನ್ನು ಕೇಳಿದಳು.

"ನೀನು ನಮ್ಮವಳು, ಅದಕ್ಕೆ. ನೋಡು ಮಗಳೇ, ನಮ್ಮ ಹತ್ತಿರ ಇರೋದು ನಿಜ ಒಂದೇ. ಅದರಲ್ಲಿ ಒಂದು ಹನಿ ಸುಳ್ಳು ಬೆರೆತರೂ ಅವರು ಪೂರ್ತಿ ಚೆಲ್ಲಿಬಿಡ್ತಾರೆ. ಇನ್ನೊಂದು ಸಲ ಹೀಗೆ ಮಾಡಿದೆಯೋ, ಕಿವಿ ಹಿಂಡ್ತೀನಿ."

ಕಿವಿ ಹಿಂಡುತ್ತೇನೆ ಎಂದು ಅವಳಿಗೆ ಎಷ್ಟೋ ಜನ ಹೇಳಿದ್ದರು. ಕೇಳಿ ಹಾಯೆನಿಸಿದ್ದು ಆವತ್ತೇ ಮೊದಲು.

ವಾರ ಕಳೆಯುವುದರೊಳಗೆ ಮುಚ್ಚಳಗಳ ರಾಶಿ ಅರ್ಧಕ್ಕಿಳಿಯಿತು. ಲಾರಿ ಅರ್ಧ ಖಾಲಿಯೇ ಹೋಯಿತು. ಸೂಪರ್‌ವೈಸರ್ ಎಲ್ಲರನ್ನೂ ಸೇರಿಸಿ ಮಾತಾಡಿದರು. "ನಾನೂ ಇದೇ ಪ್ರೆಸ್ಸಿನ ಮುಂದೆ ಕೂತು ಮೇಲೆ ಬಂದವನು. ನಿಮ್ಮ ಸಂಕಟ ನನಗೆ ಗೊತ್ತಿಲ್ಲ ಅಂತಲ್ಲ. ಆದರೆ ಆರ್ಡರ್ ಕೈತಪ್ಪಿದರೆ ಮಾಲೀಕರು ಬಾಗಿಲು ಹಾಕ್ತಾರೆ. ಆಮೇಲೆ ಹತ್ತೂ ಬೆರಳು ಇಟ್ಕೊಂಡು ಏನು ಮಾಡ್ತೀರಿ?"

ಮಾತು ಸುಳ್ಳಾಗಿರಲಿಲ್ಲ. ಕೆಲವರು ತಲೆ ತಗ್ಗಿಸಿದರು. "ಜಾಲರಿ ಹಾಕಿಸಿ ಸಾರ್. ಅದಿದ್ದರೆ ಏನಾದರೂ ಅಡ್ಡ ಬಂದಾಗ ಅಚ್ಚು ಇಳಿಯೋದೇ ಇಲ್ಲ, ಭಯ ಇಲ್ಲದೆ ಕೈ ಓಡುತ್ತೆ," ಎಂದಳು ದೊಡ್ಡಕ್ಕ. ಅವರು ಕೈ ಕೊಡವಿ ಹೊರಟುಹೋದರು.

ಮರುದಿನ ಬೆಳಿಗ್ಗೆ ಸಿಡುಕಿ ನಲ್ಲಿಯಲ್ಲಿ ಕೈ ತೊಳೆದು ಒಳಗೆ ಬಂದಾಗ ಅವಳ ಟ್ರಂಕು ಪ್ರೆಸ್ಸಿನ ಪಕ್ಕದಲ್ಲಿತ್ತು. ಕೋಣೆಗೆ ಬೇರೆ ಬೀಗ ಬಿದ್ದಿತ್ತು. ಸೂಪರ್‌ವೈಸರ್ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದರು.

"ಕೋಣೆ ಇರೋದು ಸರಿಯಾಗಿ ಕೆಲಸ ಮಾಡೋರಿಗೆ. ಆ ಬೆಣೆ ತಗೊಂಡು ಮತ್ತೆ ಹೊಡಿ, ಕೀಲಿಕೈ ನಿನ್ನದು. ಇವರಿಗೆಲ್ಲ ಮನೆ ಇದೆಯಮ್ಮ. ನಿನಗೆ ಯಾರಿದಾರೆ?"

ಹೆಂಗಸರು ಕೆಲಸ ನಿಲ್ಲಿಸಿ ಇತ್ತ ತಿರುಗಿದರು. ಒಬ್ಬಳು ಬೆಣೆ ಹೊಡೆದರೆ ಮಿಕ್ಕವರ ಕೈಯೂ ಸಡಿಲವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸಿಡುಕಿ ಬೆಣೆಯ ಕಡೆ ನೋಡಲೂ ಇಲ್ಲ. ಗೋಡೆಯ ಕೊಕ್ಕೆಯಲ್ಲಿದ್ದ ದೊಡ್ಡ ಸುತ್ತಿಗೆಯನ್ನು ಕಿತ್ತುಕೊಂಡು ಪ್ರೆಸ್ಸಿನ ಮುಂದೆ ಎತ್ತಿ ನಿಂತಳು.

ಸೂಪರ್‌ವೈಸರ್ ತಡೆಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು. ಅವರ ಕಣ್ಣಿನಲ್ಲಿ ನಿರಾಳ ಕಂಡಿತು. ಒಂದೇ ಒಂದು ಏಟು ಬಿದ್ದರೆ ಸಾಕು, ಇಷ್ಟೂ ದಿನ ನಿಯಮ ಪಾಲಿಸಿದವರು ಸಂಜೆಯೊಳಗೆ ಕಾರ್ಖಾನೆ ಒಡೆದವರಾಗುತ್ತಾರೆ. ಆ ನಿರಾಳ ದೊಡ್ಡಕ್ಕನಿಗೂ ಕಂಡಿತು. ಅವಳು ಓಡಿಬಂದು ಕೈ ಹಿಡಿಯಲಿಲ್ಲ. ಕೂತಲ್ಲಿಂದಲೇ ಕೇಳಿದಳು.

"ಸಿಡುಕಿ, ಸುತ್ತಿಗೆ ಬಗ್ಗೆ ಬೋರ್ಡಿನಲ್ಲಿ ಏನು ಬರೆದಿದೆ?"

ಸಿಡುಕಿ ಸುತ್ತಿಗೆಯ ಹಿಡಿ ಇನ್ನೂ ಬಿಗಿ ಮಾಡಿದಳು.

"ನೀನೇ ದಿನಾ ಓದೋದು. ನನಗೆ ಮರೆತುಹೋಗಿದೆ, ಹೇಳು."

ಸುತ್ತಿಗೆ ಇನ್ನೂ ಮೇಲೇ ಇತ್ತು. ತುಟಿ ಮಾತ್ರ ಅಲುಗಿತು. "ಉಪಕರಣಗಳನ್ನು... ಕೆಲಸಕ್ಕಲ್ಲದೆ ಬಳಸಬಾರದು. ಬಳಸಿದ ನಂತರ ಅವುಗಳ ಸ್ಥಾನದಲ್ಲೇ ಇಡಬೇಕು."

"ಹಾಗಿದ್ರೆ?"

ಆ ಒಂದು ಕ್ಷಣದಲ್ಲಿ ಸಿಡುಕಿ ಸುತ್ತ ನೋಡಿದಳು. ಹೋಟೆಲಿನಲ್ಲಿ, ಹೊಲಿಗೆ ಅಂಗಡಿಯಲ್ಲಿ ಅವಳು ಒಡೆದದ್ದು ಬೇರೆಯವರ ಸಾಮಾನು. ಇಲ್ಲಿ ಒಡೆದರೆ ಇವರೆಲ್ಲರದ್ದೂ ಒಡೆಯುತ್ತದೆ, ತನ್ನದೂ ಸೇರಿ. ಅವಳು ಸುತ್ತಿಗೆ ಇಳಿಸಿದಳು. ಗೋಡೆಯ ತನಕ ನಡೆದು, ಕೊಕ್ಕೆಗೆ ತೂಗುಹಾಕಿ, ಓಲಾಡದಂತೆ ಕೈಯಿಂದ ಹಿಡಿದು ನಿಲ್ಲಿಸಿದಳು. ವಾಪಸ್ ಬಂದು ಸ್ಟೂಲಿನ ಮೇಲೆ ಕೂತು, ತಗಡು ಇಟ್ಟು, ಎರಡೂ ಕೈಗಳಿಂದ ಎರಡೂ ಗುಂಡಿ ಒತ್ತಿದಳು. ಅಚ್ಚು ಇಳಿಯಿತು. ಅದರ ಹಿಂದೆಯೇ ಪಕ್ಕದ್ದು, ಅದರ ಪಕ್ಕದ್ದು, ಎಲ್ಲವೂ ಇಳಿದವು.

ಮಧ್ಯಾಹ್ನ ಮಾಲೀಕರೇ ಬಂದರು. "ಇದನ್ನೆಲ್ಲ ನಿಮಗೆ ಹೇಳಿಕೊಟ್ಟಿದ್ದು ಯಾರು?" ಎಂದು ಕೇಳಿದರು.

"ನೀವೇ ಸಾರ್," ಎಂದಳು ದೊಡ್ಡಕ್ಕ. "ಬೋರ್ಡಿನ ಕೆಳಗೆ ನಿಮ್ಮ ಸಹಿ ಇದೆ."

ಅವರು ಕನ್ನಡಕ ಏರಿಸಿ ಬೋರ್ಡು ನೋಡಿದರು. ಸಹಿ ಅವರದ್ದೇ. "ಪಕ್ಕದ ಕಾರ್ಖಾನೆಯವರು ಯಾರೂ ಜಾಲರಿ ಹಾಕಿಲ್ಲ. ನಾನೊಬ್ಬ ಹಾಕಿ ಹಿಂದೆ ಬೀಳಲಾ?"

"ಗುಬ್ಬಿ ಹೋದಮೇಲೆ ಈ ಮಿಷನ್ ನಾನು ಬರೋವರೆಗೂ ಸುಮ್ಮನೆ ನಿಂತಿತ್ತಂತೆ," ಎಂದಳು ಸಿಡುಕಿ. ಅವಳ ದನಿ ಏರಲಿಲ್ಲ. "ನನಗೂ ಹಾಗೇ ಆದರೆ ಮತ್ತೆ ನಿಲ್ಲುತ್ತೆ. ಹಿಂದೆ ಬೀಳೋದು ಅದರಿಂದ ಅಲ್ವಾ ಸಾರ್?"

ಮಾಲೀಕರು ಲೆಕ್ಕ ತಿಳಿದ ಮನುಷ್ಯ. ಬಹಳ ಹೊತ್ತು ಮಾತಾಡಿ, ಚೌಕಾಸಿ ಮಾಡಿ, ಕೊನೆಗೆ ಒಪ್ಪಿದರು. ಒಮ್ಮೆಗೆ ಎರಡೆರಡು ಪ್ರೆಸ್ಸಿಗೆ ಜಾಲರಿ ಹಾಕಿಸುವುದು. ಕೈ ವಾಸಿಯಾದ ಮೇಲೆ ಗುಬ್ಬಿಗೆ ಪ್ಯಾಕಿಂಗಿನಲ್ಲಿ ಕೆಲಸ. ಮರುದಿನವೇ ಫಿಟ್ಟರ್ ಬಂದು ಮೊದಲ ಜಾಲರಿ ಕೂರಿಸಿದ. ಸೂಪರ್‌ವೈಸರ್ ತಾವೇ ಒಂದು ಮರದ ಕಡ್ಡಿ ತೂರಿಸಿ, ಅಚ್ಚು ಇಳಿಯದೆ ನಿಂತದ್ದನ್ನು ಎರಡೆರಡು ಸಲ ಪರೀಕ್ಷಿಸಿದರು. "ನನ್ನ ಕಾಲದಲ್ಲೂ ಇದು ಇದ್ದಿದ್ದರೆ," ಎಂದು ಶುರುಮಾಡಿ ಮಾತು ನುಂಗಿಕೊಂಡರು. ಆಮೇಲೆ ಸಿಡುಕಿಯ ಕಡೆ ತಿರುಗಿ, ಮುಖ ನೋಡದೆ, ಕೀಲಿಕೈ ಚಾಚಿದರು.

"ಬೇಡ ಸಾರ್," ಎಂದಳು ಅವಳು. "ನಾನು ಬೇರೆ ಕಡೆ ಇದೀನಿ."

ಹಿಂದಿನ ಸಂಜೆಯೇ ಎಣ್ಣೆ ಮಾವ ಅವಳ ಟ್ರಂಕನ್ನು ಸೈಕಲ್ಲಿಗೆ ಕಟ್ಟಿಕೊಂಡು ದೊಡ್ಡಕ್ಕನ ಮನೆಗೆ ತಂದು ಇಳಿಸಿದ್ದ. ಎರಡೇ ಕೋಣೆ, ಹಾಸಿಗೆ ಹಿಡಿದ ಅತ್ತೆ, ಜಗಳಗಂಟ ಮಕ್ಕಳಿಬ್ಬರು, ಬಾಗಿಲಿಗೆ ಚಿಲಕದ ಬದಲು ಒಂದು ಹಗ್ಗ. ಸಿಡುಕಿ ಟ್ರಂಕಿನ ಮೇಲೆ ಗಟ್ಟಿಯಾಗಿ ಕೂತು ಕೇಳಿದ್ದಳು, "ಅಕ್ಕ, ನಿಮ್ಮ ಮನೆಯ ನಿಯಮ ಏನೇನು? ಮೊದಲೇ ಹೇಳಿಬಿಡಿ."

ಮಕ್ಕಳು ಮುಖ ಮುಖ ನೋಡಿಕೊಂಡು ಕಿಸಕ್ಕೆಂದರು.

ದೊಡ್ಡಕ್ಕ ಯೋಚಿಸಿದಳು. "ಅಂಥದ್ದೇನೂ ಇಲ್ಲ. ಬೆಳಿಗ್ಗೆ ಮೊದಲು ಎದ್ದವರು ಎಲ್ಲರಿಗೂ ನೀರು ಕಾಯಿಸ್ತಾರೆ."

"ತಪ್ಪಿದರೆ ಏನು ಶಿಕ್ಷೆ?"

"ತಣ್ಣೀರು."

ಆ ರಾತ್ರಿ ಮಕ್ಕಳ ನಡುವೆ, ಒಬ್ಬನ ಮೊಣಕಾಲು ಬೆನ್ನಿಗೆ ಚುಚ್ಚುತ್ತಿದ್ದರೂ, ಅವಳಿಗೆ ಗಾಢ ನಿದ್ದೆ ಬಂತು. ಬೆಳಕು ಹರಿಯುವ ಮುಂಚೆ ಎದ್ದು ಒಲೆಯ ಮುಂದೆ ಕೂತಳು. ಎಲ್ಲರಿಗೂ ಅಂದರೆ ಎಷ್ಟು ನೀರು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಳು. ಅಜ್ಜಿಗೆ, ಮಕ್ಕಳಿಗೆ, ಅಕ್ಕನಿಗೆ. ಪಾತ್ರೆ ತುಂಬಿ ಒಲೆಯ ಮೇಲಿಟ್ಟಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ಮತ್ತೆ ಎದ್ದು ಹೋಗಿ, ತನ್ನ ಪಾಲಿನದೂ ಒಂದು ತಂಬಿಗೆ ನೀರು ತಂದು ಅದಕ್ಕೆ ಸುರಿದಳು.