ಬಲಗಡೆಯ ಬೆಕ್ಕು

ಹಳೆಯ ಕಂಪ್ಯೂಟರ್ ಆಟಗಳನ್ನು ಹೊಸ ಪರದೆಗೆ ಹೊಂದಿಸುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಬೇಕಾಗಿದ್ದವನು ನನ್ನ ಸುದ್ದಿ ಕೇಳಿ ತಾಯಿಯ ಹೊಟ್ಟೆಯಲ್ಲೇ ಬೇರೆ ಕಸುಬು ಹುಡುಕಿಕೊಂಡನಂತೆ. ನನ್ನ ರಿಪೇರಿ ಅಂಗಡಿ ಎಷ್ಟು ಇಕ್ಕಟ್ಟೆಂದರೆ ಗಿರಾಕಿ ಒಳಗೆ ಬಂದಾಗ ನಾನು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಆದರೂ ಸಮುದ್ರದಾಚೆಯಿಂದ ಜನ ಬರುತ್ತಾರೆ. ಸರಿ, ಸಮುದ್ರ ಬೇಡ, ಮೇಲ್ಸೇತುವೆಯಾಚೆಯಿಂದ ಬರುತ್ತಾರೆ. ಚಿಕ್ಕಂದಿನಲ್ಲಿ ಆಡಿದ ಆಟ ಹೊಸ ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟಾಗಿ ಕೂತಿದೆ ಎಂದು ಮುಖ ಸಪ್ಪೆ ಮಾಡಿಕೊಂಡು ಬರುತ್ತಾರೆ, ಅರಳಿಸಿಕೊಂಡು ಹೋಗುತ್ತಾರೆ. ನನ್ನ ಕೈಯಲ್ಲಿ ಸೆಟ್ಟಿಂಗ್ ಕೂದಲೆಳೆಯಷ್ಟೂ ತಪ್ಪಿದ್ದಿಲ್ಲ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ನನ್ನ ಹೆಂಡತಿಗೆ ಇಬ್ಬರು ತಮ್ಮಂದಿರು. ಇಬ್ಬರಿಗೂ ಸೇರಿ ಒಂದೇ ಅಂಗಡಿ, ಫೋಟೋಗಳಿಗೆ ಫ್ರೇಮ್ ಹಾಕುವುದು. ದೊಡ್ಡವನು ಮುಂದಿನ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ತಿರುಗುವ ಕುರ್ಚಿಯಲ್ಲಿ ಕೂತು ಗಿರಾಕಿಗಳೊಂದಿಗೆ ಹರಟುತ್ತಾನೆ. ಅವನ ಅಂಗೈ ಹೂವಿನ ಎಸಳಿನಷ್ಟು ಮೆತ್ತಗಿದೆ. ಚಿಕ್ಕವನು ಹಿಂದಿನ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತು ಗಾಜು ಕತ್ತರಿಸುತ್ತಾನೆ. ಅವನ ಬೆರಳುಗಳಿಗೆ ಸುತ್ತಿದ ಪಟ್ಟಿಯನ್ನೆಲ್ಲ ಬಿಚ್ಚಿ ಹಾಸಿದರೆ ಊರಿಗೆ ಒಂದು ಸುತ್ತು ಬರಬಹುದು. ಮನೆಯಲ್ಲಿ ಅವನಿಗೆ ‘ಮೀಸೆ’ ಎಂದು ಹೆಸರು. ಮುಖದ ಮೇಲೆ ಒಂದು ಕೂದಲಿಲ್ಲ, ಆದರೂ ಮೀಸೆ. ಆ ಹೆಸರು ಬಂದದ್ದು ಬೆಕ್ಕಿನಿಂದ.

ಅವರು ಹುಡುಗರಾಗಿದ್ದಾಗ ಮನೆಯಲ್ಲಿ ಕಬ್ಬಿಣದ ಪೆಟ್ಟಿಗೆಯಂಥ ಮಾನಿಟರಿನ ಒಂದು ಕಂಪ್ಯೂಟರ್ ಇತ್ತು. ಅದರಲ್ಲಿ ಒಂದು ಆಟ. ಕಪ್ಪು ಪರದೆಯ ಎಡಗಡೆ ಒಂದು ಬೆಕ್ಕು, ಬಲಗಡೆ ಒಂದು ಬೆಕ್ಕು, ನಡುವೆ ಉಲ್ಲನ್ ದಾರದ ಉಂಡೆ. ಉಂಡೆ ತನ್ನತ್ತ ಬಂದಾಗ ಬೆಕ್ಕು ಪಂಜ ಬೀಸಿ ಆಚೆಗೆ ಹೊಡೆಯಬೇಕು. ತಪ್ಪಿದರೆ ಎದುರಾಳಿಗೆ ಒಂದು ಪಾಯಿಂಟು. ಇಷ್ಟೇ. ಎಡಗಡೆಯ ಬೆಕ್ಕು ಯಾವಾಗಲೂ ದೊಡ್ಡವನದು, ಏಕೆಂದರೆ ಅವನು ದೊಡ್ಡವನು. ಆ ಮಾನಿಟರಿನಲ್ಲೋ, ಚಿತ್ರ ಬಲಕ್ಕೆ ಜಾರಿಬಿಟ್ಟಿತ್ತು. ಎಡಗಡೆ ಖಾಲಿ ಕಪ್ಪು ಪಟ್ಟಿ, ಬಲಗಡೆ ಹೆಬ್ಬೆರಳಿನಗಲ ಚಿತ್ರ ನಾಪತ್ತೆ. ಬಲಗಡೆಯ ಬೆಕ್ಕಿನ ಮೈ, ಬಾಲ, ಪಂಜ ಎಲ್ಲ ಪರದೆಯ ಆಚೆ; ಕಾಣುತ್ತಿದ್ದದ್ದು ಮೀಸೆ ಮಾತ್ರ. ಚಿಕ್ಕವನು ಆ ಮೀಸೆಯನ್ನು ನಂಬಿಕೊಂಡು ಆಡುತ್ತಿದ್ದ.

ಇಬ್ಬರಿಗೂ ಮೀಸೆ ಮೂಡುವ ವಯಸ್ಸಿಗೆ ಮುಂದಿನ ಕುರ್ಚಿಗಾಗಿ ಜಗಳ ಶುರುವಾಯಿತು. ನನ್ನ ಮಾವ ಬುದ್ಧಿವಂತರೆಂದು ಹೆಸರಾಗಿದ್ದವರು. “ನಿಮ್ಮ ಜೊತೆ ಯಾರು ಬಾಯಿ ಬಡ್ಕೋತಾರೆ? ಬೆಕ್ಕಾಟ ಆಡ್ಕೊಳ್ಳಿ. ಗೆದ್ದೋನು ಮುಂದೆ ಕೂತ್ಕೊಳ್ಳಲಿ, ಸೋತೋನು ಹಿಂದೆ ಗಾಜು ಕತ್ತರಿಸಲಿ” ಎಂದು ತೀರ್ಪು ಕೊಟ್ಟು ಮಲಗಲು ಹೋದರು. ಚಿಕ್ಕವನು ಸೋತ. ಮಾವ ತೀರಿಕೊಂಡು ಎಷ್ಟೋ ಕಾಲವಾಯಿತು, ಮಾನಿಟರ್ ಗುಜರಿಗೆ ಹೋಯಿತು, ತೀರ್ಪು ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು.

ಅಂದಿನಿಂದ ಮೀಸೆಯ ಬಾಯಲ್ಲಿ ಒಂದೇ ಮಾತು: “ನನ್ನ ಕಡೆ ಕಟ್ ಆಗಿತ್ತು.” ಮದುವೆಮನೆಯಲ್ಲಿ, ಸಾವಿನಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಯಾರು ಸಿಕ್ಕಿದರೂ ಅದೇ. ಅವನ ಮದುವೆಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ “ಏನು ಮಾಡ್ಕೊಂಡಿದೀರಾ?” ಅಂದರೆ ಇವನು “ಗಾಜು ಕತ್ತರಿಸ್ತೀನಿ, ಆದ್ರೆ ನನ್ನ ಕಡೆ ಕಟ್ ಆಗಿತ್ತು” ಅಂದನಂತೆ. ಆ ಸಂಬಂಧವೂ ಕಟ್ ಆಯಿತು.

ಹೀಗಿರುವಾಗ ಒಂದು ದಿನ ಅವನು ಒಂದು ಪೆನ್‌ಡ್ರೈವ್ ಹಿಡಿದು ನನ್ನ ಅಂಗಡಿಗೆ ಓಡಿಬಂದ. ಅದೇ ಬೆಕ್ಕಿನ ಆಟ ಯಾರ ಬಳಿಯೋ ಸಿಕ್ಕಿತ್ತು.

“ಭಾವ, ಎರಡೂ ಬೆಕ್ಕು ಬಾಲದ ಸಮೇತ ಕಾಣ್ಬೇಕು. ಅಷ್ಟು ಮಾಡಿಕೊಡಿ. ಅಣ್ಣನ ಹತ್ರ ಮಾತಾಡಿದೀನಿ.”

“ಏನಂದ ಅವನು?”

“ಗೆದ್ರೆ ಸೋಮವಾರದಿಂದ ಕುರ್ಚಿ ನಿಂದು ಅಂದ.”

“ಸೋತ್ರೆ?”

“ಅದನ್ನೂ ಅಂದ” ಎಂದು ಮೀಸೆ ನಕ್ಕ. “ನಾನು ಕೇಳಿಸ್ಕೊಳ್ಳಲಿಲ್ಲ.”

ಕೆಲಸ ಶುರು ಮಾಡಿದೆ. ಮೊದಲು ತೆರೆದಾಗ ಆಟ ಪರದೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ವಿಂಡೋ ಆಗಿ ಬಂತು. ಬೆಕ್ಕುಗಳು ಇರುವೆಗಳಂತೆ ಕಂಡವು. ಫುಲ್ ಸ್ಕ್ರೀನ್ ಮಾಡಿದೆ. ಅಗಲದ ಪರದೆಗೆ ಚಿತ್ರ ಹಿಗ್ಗಿ ಬೆಕ್ಕುಗಳು ತಿಂದು ಮಲಗಿದ ಎಮ್ಮೆಗಳಾದವು, ಉಂಡೆ ಮೊಟ್ಟೆಯಾಯಿತು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೇ ಕೈಮುಗಿಯುತ್ತಿದ್ದರು. ನಾನು ಹಿಗ್ಗಿಸುವುದನ್ನು ನಿಲ್ಲಿಸಿದೆ, ಹಳೆಯ ಮಾನಿಟರಿನ ಅಗಲ ಎತ್ತರದ ಲೆಕ್ಕವನ್ನೇ ಉಳಿಸಿಕೊಂಡೆ, ಉಳಿದ ಜಾಗವನ್ನು ಎರಡೂ ಬದಿಗೆ ಸಮವಾಗಿ ಕಪ್ಪು ಪಟ್ಟಿಯಾಗಿ ಹಂಚಿದೆ. ಹೊಸ ಮೆಷಿನ್ನಿನ ವೇಗಕ್ಕೆ ಉಂಡೆ ಗುಂಡಿನಂತೆ ಹಾರುತ್ತಿತ್ತು, ಅದನ್ನೂ ಹಳೆಯ ನಡಿಗೆಗೆ ಇಳಿಸಿದೆ. ಕೊನೆಗೆ ಎರಡು ಬೆಕ್ಕುಗಳೂ ಬಾಲ ಎತ್ತಿ ನನಗೇ ಸಲಾಮು ಹೊಡೆದವು ಎಂದರೆ ನಂಬಬೇಕು ನೀವು.

ಭಾನುವಾರ ಮಧ್ಯಾಹ್ನ ಅತ್ತೆಯ ಮನೆಯ ಹಾಲಿನಲ್ಲಿ ನನ್ನ ಅಗಲದ ಪರದೆ ಇಟ್ಟೆ. ಅತ್ತೆ ಸೋಫಾದಲ್ಲಿ ಕೂತು, “ಈ ಬೆಕ್ಕುಗಳ ಪೀಡೆ ಇವತ್ತು ತೊಲಗಿದ್ರೆ ಸಾಕು ದೇವ್ರೇ” ಅಂದರು. ನನ್ನ ಹೆಂಡತಿ ಚಹಾ ತಂದಳು. ದೊಡ್ಡವನು ಮನೆಯಲ್ಲಿ ಉಡುವ ಲುಂಗಿಯಲ್ಲೇ ಬಂದು ಕೂತ. ಮೀಸೆ ಮಾತ್ರ ಹೊಸ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

“ಏನೋ, ಕುರ್ಚಿಗೆ ಅಂತ ಈಗ್ಲೇ ಶರ್ಟು ತಗೊಂಡ್ಬಿಟ್ಯಾ?” ಅಂದ ದೊಡ್ಡವನು.

“ಹಿಂದಿನ ಕೋಣೇಲಿ ಬಿಳಿ ಹಾಕೋಕಾಗಲ್ವಲ್ಲ ಅಣ್ಣ, ಅದಕ್ಕೆ.”

“ಹಾಕ್ಕೋ ಹಾಕ್ಕೋ. ಇನ್ನೊಂದರ್ಧ ಗಂಟೆ ಹಾಕ್ಕೋ.”

ಮೀಸೆ ಪರದೆಯ ಮುಂದೆ ನಿಂತು ಎಡದಿಂದ ಬಲಕ್ಕೆ ಒಮ್ಮೆ ಕಣ್ಣಾಡಿಸಿದ. ಅವನ ಕಣ್ಣೆಂದರೆ ಸಾಮಾನ್ಯವಲ್ಲ. ಬೀದಿಯಾಚೆಯ ಮನೆಯ ಗೋಡೆಯಲ್ಲಿ ತೂಗುವ ಫೋಟೋ ಒಂದು ನೂಲಿನಷ್ಟು ಓರೆಯಾಗಿದ್ದರೆ ಇಲ್ಲಿಂದಲೇ ಹೇಳುತ್ತಾನೆ. ಇದೊಂದನ್ನು ಮಾತ್ರ ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ನೋಡಿ, ತಲೆಯಾಡಿಸಿ, ಕೂತ.

ಆಟ ಶುರುವಾಯಿತು. ಮೊದಲ ಉಂಡೆಯನ್ನು ಮೀಸೆಯ ಬೆಕ್ಕು ಫಟಾರನೆ ಹೊಡೆಯಿತು, ದೊಡ್ಡವನದು ತಪ್ಪಿತು. ಮೀಸೆ ಎದ್ದು ನಿಂತು, “ನೋಡಿದ್ರಾ! ಬಾಲ ಕಂಡಿದ್ದಕ್ಕೇ!” ಎಂದು ಕೂಗಿದ. ಅತ್ತೆ ಚಪ್ಪಾಳೆ ತಟ್ಟಿದರು. ಅವರು ಕನ್ನಡಕ ಹಾಕಿರಲಿಲ್ಲ, ಯಾರು ಗೆದ್ದರೆಂದು ಅವರಿಗೆ ಗೊತ್ತಾಗಿರಲಿಲ್ಲ.

ಮೀಸೆಯ ಅದೃಷ್ಟ ಅಲ್ಲಿಗೆ ಮುಗಿಯಿತು. ಆಮೇಲೆ ದೊಡ್ಡವನ ಮೆತ್ತನೆಯ ಬೆರಳುಗಳು ಎದ್ದವು ನೋಡಿ. ಉಂಡೆ ಮೇಲೆ ಹೋಯಿತು, ಕೆಳಗೆ ಹೋಯಿತು, ಗೋಡೆಗೆ ಬಡಿದು ಬಂತು. ಉಂಡೆ ಬರುವುದು ಮೀಸೆಗೆ ಕಾಣುತ್ತಿತ್ತು. ಬೆರಳು ಮಾತ್ರ ಒತ್ತುವ ಹೊತ್ತಿಗೆ ಉಂಡೆ ದಾಟಿಹೋಗಿರುತ್ತಿತ್ತು. ಆ ಬೆರಳುಗಳಲ್ಲಿ ಎರಡು ಬಗ್ಗುವುದೇ ಇಲ್ಲ, ಗಾಜು ನರವನ್ನೇ ಕೊಯ್ದಿದೆ. ಅವನು ಪಟ್ಟಿ ಬಿಚ್ಚಿ ಎಸೆದ. ಪಟ್ಟಿಯಿಲ್ಲದೆಯೂ ಅಷ್ಟೇ.

“ಲೋ, ನಿನ್ ಬೆಕ್ಕು ನಿದ್ದೆ ಮಾಡ್ತಿದ್ಯೇನೋ?” ಅಂದ ದೊಡ್ಡವನು. “ಬಾಲ ಕಾಣ್ತಿದೆ, ಹೊಟ್ಟೆ ಕಾಣ್ತಿದೆ. ಇನ್ನೇನು ತೋರಿಸ್ಬೇಕು ಅದು?”

ನಾನು ಬಿದ್ದು ಬಿದ್ದು ನಕ್ಕೆ. ನಕ್ಕ ರಭಸಕ್ಕೆ ಹಾಲಿನ ಕಿಟಕಿ ಗಾಜು ಅದುರಿತು.

ಆಟ ಮುಗಿಯಿತು. ಮೀಸೆಯ ಕಡೆ ಆ ಮೊದಲ ಒಂದು ಪಾಯಿಂಟು, ಅಷ್ಟೇ. ಗೆದ್ದ ಎಡಗಡೆಯ ಬೆಕ್ಕು ಕುಣಿಯಿತು. ಸೋತ ಬಲಗಡೆಯ ಬೆಕ್ಕು, ಬಾಲದ ಸಮೇತ, ಸ್ಪಷ್ಟವಾಗಿ, ಪೂರ್ತಿಯಾಗಿ, ತಲೆ ತಗ್ಗಿಸಿ ಕೂತಿತು. ಹಳೆಯ ಮಾನಿಟರಿನಲ್ಲಿ ಅದು ತಲೆ ತಗ್ಗಿಸುವುದು ಯಾರಿಗೂ ಕಂಡಿರಲಿಲ್ಲ.

ಮೀಸೆ ಪರದೆಯನ್ನೇ ನೋಡುತ್ತಾ ಕೂತಿದ್ದವನು ನಿಧಾನವಾಗಿ ನನ್ನ ಕಡೆ ತಿರುಗಿದ.

“ಭಾವ, ನಿಜ ಹೇಳಿ. ಇವತ್ತೂ ನನ್ನ ಕಡೆ ಸ್ವಲ್ಪ ಕಟ್ ಆಗಿತ್ತು, ಅಲ್ವಾ?”

ಅಷ್ಟು ಹೊತ್ತು ಗೇಲಿ ಮಾಡುತ್ತಿದ್ದ ದೊಡ್ಡವನು ಒಮ್ಮೆಲೇ ತಣ್ಣಗಾದ. ತಮ್ಮನ ಮುಖ ನೋಡಿದ, ಕೆಮ್ಮಿದ. “ಇರ್ಬಹುದು ಕಣೋ. ನಂಗೂ ಹಾಗೇ ಅನ್ಸ್ತಿತ್ತು. ಬಲಗಡೆ ಒಂಚೂರು ಹೋದ ಹಾಗಿತ್ತು.”

“ಹೌದಪ್ಪ, ನಂಗಂತೂ ಬಾಲವೇ ಕಾಣ್ಲಿಲ್ಲ” ಅಂದರು ಅತ್ತೆ.

ನನ್ನ ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. “ರೀ, ಎಲ್ಲೋ ಕೈ ತಪ್ಪಿರತ್ತೆ, ಅಲ್ವಾ? ನೀವೂ ಮನುಷ್ಯರೇ ತಾನೆ.”

ನೋಡಿ, ಎಂಥ ಮಾತು! ನಾನು ಜೀವಮಾನದಲ್ಲಿ ಹೇಳಿದ ಸುಳ್ಳುಗಳನ್ನು ಒಂದರ ಮೇಲೊಂದು ಇಟ್ಟರೆ ಏಣಿಯಿಲ್ಲದೆ ಚಂದ್ರನಿಗೆ ಹತ್ತಬಹುದು. ಆದರೆ ನನ್ನ ಸೆಟ್ಟಿಂಗ್ ತಪ್ಪು ಎಂದು, ನನ್ನ ಬಾಯಿಂದಲೇ? ನಾಳೆ ಇದು ಊರೆಲ್ಲ ಹರಡಿದರೆ?

“ಯಾರ ಸೆಟ್ಟಿಂಗ್ ಅಂತ ಮಾತಾಡ್ತಿದೀರಾ?” ಅಂದೆ. “ಮೀಸೆ, ನಿನ್ನ ಜೇಬಲ್ಲಿ ಸ್ಟೀಲ್ ಸ್ಕೇಲ್ ಇರತ್ತಲ್ಲ, ತೆಗಿ. ಬೇರೆಯವರು ಬೇಡ, ನೀನೇ ಅಳೆ.”

“ಬಿಡಿ ಭಾವ.”

“ಬಿಡೋದೆಲ್ಲ ಇಲ್ಲ. ಅಳೆ.”

ಹೊಸ ಶರ್ಟಿನ ಜೇಬಿನಲ್ಲೂ ಸ್ಕೇಲ್ ಇತ್ತು. ಅಭ್ಯಾಸ. ಅವನು ಅದನ್ನು ಪರದೆಯ ಎಡ ಅಂಚಿಗೆ ಹಿಡಿದ, ಎಡ ಬೆಕ್ಕಿನ ಬಾಲದವರೆಗೆ ಅಳೆದ. ಬಲಕ್ಕೆ ಬಂದ. ಬಲ ಬೆಕ್ಕಿನ ಬಾಲದಿಂದ ಅಂಚಿನವರೆಗೆ ಅಳೆದ. ಗಾಜು ಕತ್ತರಿಸುವವರ ಕೈ ಅಳೆಯುವಾಗ ನಡುಗುವುದಿಲ್ಲ, ಅವನದೂ ನಡುಗಲಿಲ್ಲ.

“ಎಷ್ಟು ಬಂತು? ಎಲ್ಲರಿಗೂ ಕೇಳೋ ಹಾಗೆ ಹೇಳು.”

“ಎರಡೂ ಒಂದೇ” ಅಂದ.

“ಹಾಂ!” ಎಂದು ನಾನು ತೊಡೆ ತಟ್ಟಿದೆ.

ಮೀಸೆ ಸ್ಕೇಲನ್ನು ಜೇಬಿಗಿಟ್ಟು, ಚಹಾ ಕುಡಿಯದೆ ಹೋದ. ದೊಡ್ಡವನು ಗೆದ್ದವನಂತೆ ಕಾಣಲಿಲ್ಲ. ಲುಂಗಿ ಸರಿಮಾಡಿಕೊಳ್ಳುತ್ತಾ ಒಳಗೆ ಹೋದ. ನಮ್ಮ ಮನೆಯ ಬೀಗ ತೆಗೆಯುವಾಗ ನನ್ನ ಹೆಂಡತಿ ಅಂದಳು:

“ಬೀದಿಯಾಚೆಯ ಫೋಟೋ ಓರೆ ಇದ್ರೆ ಅವನಿಗೆ ಗೊತ್ತಾಗತ್ತೆ. ಕಣ್ಣೆದುರಿನ ಪರದೆ ಸರಿಯಾಗಿದೆ ಅಂತ ಗೊತ್ತಿರ್ಲಿಲ್ವಾ? ಅವನು ನಿಮ್ಮನ್ನ ಕೇಳಿದ್ದು ಒಂದು ಸುಳ್ಳು, ರೀ. ಮನೇಲಿ ಕೊಳೆತು ನಾರೋವಷ್ಟಿವೆ. ಒಂದು ಕೊಡೋಕಾಗ್ಲಿಲ್ವಾ ನಿಮಗೆ?”

ಸೋಮವಾರ ಮೀಸೆ ಹಿಂದಿನ ಕೋಣೆಯಲ್ಲಿ ಗಾಜು ಕತ್ತರಿಸುತ್ತಿದ್ದ. ಬಿಳಿ ಶರ್ಟು ಮೇಜಿನ ಮೇಲಿತ್ತು, ಹರಿದು ನಾಲ್ಕು ತುಂಡಾಗಿ. ಅದರಲ್ಲೇ ಗಾಜು ಒರೆಸುತ್ತಿದ್ದ. ಅಂದಿನಿಂದ ಅವನ ಬಾಯಲ್ಲಿ ಆ ಮಾತು ಬಂದಿಲ್ಲ. ಬೇರೆ ಮಾತೂ ಹೆಚ್ಚು ಬಂದಿಲ್ಲ. ದೊಡ್ಡವನು ಅವನನ್ನು ಮೀಸೆ ಎಂದು ಕರೆಯುವುದನ್ನು ಬಿಟ್ಟ. ನಾನು ಬಿಡಲಿಲ್ಲ. ಒಳ್ಳೆಯ ಹೆಸರು.

ಇಂಥ ಕೆಲಸವನ್ನು ಲೋಕಕ್ಕೆ ತೋರಿಸದೆ ಇರಲಾದೀತೆ? ಆ ಪರದೆಯ ಚಿತ್ರವನ್ನು, ಎರಡೂ ಬೆಕ್ಕು ಬಾಲದ ಸಮೇತ ಇದ್ದದ್ದನ್ನು, ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಮೇಲೆ ‘ಹಳೆ ಆಟ, ಪೂರ್ತಿ ಪರದೆ’ ಎಂದು ಬರೆಸಿದೆ. ಫ್ರೇಮ್ ಹಾಕಲು ಮೀಸೆಯ ಕೈಗೇ ಕೊಟ್ಟೆ.

“ಚೆನ್ನಾಗಿ ಹಾಕು. ನನ್ನ ಅಂಗಡೀಲಿ, ಕೌಂಟರಿನ ಮೇಲೇ ನೇತು ಹಾಕೋದು.”

“ಹಾಕ್ತೀನಿ ಭಾವ.”

ಹಾಕಿ, ನನ್ನ ಅಂಗಡಿಗೇ ತಂದುಕೊಟ್ಟ. ಅಂಥ ಫ್ರೇಮನ್ನು ಅರಮನೆಯಲ್ಲೂ ನೀವು ನೋಡಿರಲಾರಿರಿ. ಮರದ ನಾಲ್ಕು ಮೂಲೆಗಳೂ ಉಗುರು ತೂರದಂತೆ ಕೂಡಿದ್ದವು. ಗಾಜಿನ ಮೇಲೆ ಒಂದು ಧೂಳಿನ ಕಣವಿರಲಿಲ್ಲ. ಎಡಗಡೆಯ ಬೆಕ್ಕು ಬಾಲ ಎತ್ತಿ ಕೂತಿತ್ತು. ಬಲಗಡೆ, ಕಪ್ಪು ಪಟ್ಟಿಯ ಜೊತೆಗೆ ಚಿತ್ರವೂ ಹೆಬ್ಬೆರಳಿನಗಲ ಇರಲಿಲ್ಲ. ಬೆಕ್ಕಿನ ಮೀಸೆ ಮಾತ್ರ ಕಾಣುತ್ತಿತ್ತು. ‘ಪೂರ್ತಿ ಪರದೆ’ ಅಂತ ಬರೆಸಿದ್ದು ‘ಪೂರ್ತಿ ಪರ’ ಆಗಿತ್ತು.

“ಏನೋ ಇದು!” ಎಂದು ಕೂಗಿದೆ. “ಚಿತ್ರವನ್ನೇ ಕೊಯ್ದಿದೀಯಲ್ಲೋ!”

“ಗಾಜು ಅಷ್ಟೇ ಇತ್ತು, ಭಾವ.”

ನಾನು ಕೆಳಗಿಡುವಷ್ಟರಲ್ಲಿ, ಬುತ್ತಿ ತಂದಿದ್ದ ನನ್ನ ಹೆಂಡತಿ ಸ್ಟೂಲ್ ಹತ್ತಿ ಮೊಳೆ ಹೊಡೆದು, ಫ್ರೇಮನ್ನು ಕಿತ್ತುಕೊಂಡು ನೇತುಹಾಕಿದಳು. “ಚೆನ್ನಾಗಿದೆ. ಇಳಿಸಿದ್ರೆ ನಾನೂ ತಮ್ಮನ ಮನೆಗೆ ಹೋಗಿ ಗಾಜು ಕತ್ತರಿಸ್ತೀನಿ” ಅಂದಳು. ಅವಳು ನನ್ನ ಹಾಗಲ್ಲ, ಹೇಳಿದ್ದನ್ನು ಮಾಡುವವಳು.

ಈಗ ಒಳಗೆ ಬಂದ ಪ್ರತಿಯೊಬ್ಬನೂ ತನ್ನ ಮೆಷಿನ್ ಕೆಳಗಿಡುವ ಮುಂಚೆ ಕತ್ತೆತ್ತಿ ನೋಡುತ್ತಾನೆ.

“ಸಾರ್, ಬಲಗಡೆ ಕಟ್ ಆಗಿದ್ಯಲ್ಲ?”

“ಇಲ್ಲ ಇಲ್ಲ, ನನ್ನ ಸೆಟ್ಟಿಂಗ್ ಸರಿಯಾಗೇ ಇತ್ತು. ಆಮೇಲೆ ಫ್ರೇಮಲ್ಲಿ ಕಟ್ ಆಗಿದ್ದು. ನನ್ನ ಕಡೆಯಿಂದ ಪೂರ್ತಿ ಇತ್ತು, ಬಾಲದ ಸಮೇತ ಇತ್ತು, ಬೇಕಾದ್ರೆ ನನ್ನ ಭಾಮೈದನನ್ನೇ ಕೇಳಿ, ಅವನೇ ಅಳೆದಿದಾನೆ.”

ಅವರು ನನ್ನ ಮುಖ ನೋಡುತ್ತಾರೆ. “ಇರ್ಬಹುದು ಬಿಡಿ ಸಾರ್” ಎನ್ನುತ್ತಾರೆ, ಮೆತ್ತಗೆ, ರೋಗಿಯೊಡನೆ ಮಾತಾಡುವ ಹಾಗೆ. ಮೆಷಿನ್ನನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ.